ಶನಿವಾರ ರಾತ್ರಿ ಮುಚ್ಚಿಟ್ಟ ತಿಂಡಿ

ಬೆಳಿಗ್ಗೆ ಆರೂವರೆಗೆ ಪಾತ್ರೆಯ ಬಾಯಿಗೆ ಮೆತ್ತಿದ್ದ ಮೈದಾ ಪಟ್ಟಿಯನ್ನು ಚಾಕುವಿನ ತುದಿಯಿಂದ ಎಬ್ಬಿಸಿದೆ. ಹಂಚಿನ ಚೂರಿನ ಹಾಗೆ ಕಟಕಟ ಎಂದು ಮುರಿಯಿತು. ಮುಚ್ಚಳ ಎತ್ತಿದರೆ ತುಪ್ಪ, ಬಾಡಿದ ಬಾಳೆಎಲೆ, ಸಕ್ಕರೆ ಪಾಕ ಇನ್ನೇನು ಕಂದುವ ಹೊತ್ತಿನ ವಾಸನೆ, ಮೂರೂ ಒಟ್ಟಿಗೆ ಮುಖಕ್ಕೆ ಬಡಿದವು. ನಿನ್ನೆ ರಾತ್ರಿ ಬಿಳಿಯಾಗಿ ಇಟ್ಟಿದ್ದ ಎಂಟು ಸುರುಳಿಗಳು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಅವುಗಳ ಮೇಲಿಟ್ಟ ಬಿಳಿ ಮೊಟ್ಟೆಗಳೂ ಕಂದಾಗಿದ್ದವು. ಒಲೆ ಹಚ್ಚದೆ, ಹಿಟ್ಟು ಕಡೆಯದೆ, ಕಾವಲಿ ಕಾಯಿಸದೆ ಆದಿತ್ಯವಾರದ ತಿಂಡಿ ಮೇಜಿಗೆ ಬಂತು.

ಇದರ ಹೆಸರು ಜಖ್ನೂನ್. ಯೆಮನ್ ದೇಶದ ಯೆಹೂದಿಗಳ ಸಬ್ಬತ್ ದಿನದ ಬೆಳಗಿನ ತಿಂಡಿ. ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ಕತ್ತಲಾಗುವ ತನಕ ಅವರ ಶಾಸ್ತ್ರದಲ್ಲಿ ಬೆಂಕಿ ಹಚ್ಚುವಂತಿಲ್ಲ, ಅಡುಗೆ ಮಾಡುವಂತಿಲ್ಲ. ಹಾಗಂತ ಆ ದಿನ ತಣ್ಣಗಿನದ್ದೇ ತಿನ್ನಬೇಕೆಂದೇನೂ ಇಲ್ಲ. ಸೂರ್ಯ ಮುಳುಗುವ ಮೊದಲೇ ಹಚ್ಚಿದ ಬೆಂಕಿ ತನ್ನಷ್ಟಕ್ಕೆ ಉರಿಯುತ್ತಿದ್ದರೆ ಅದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಶುಕ್ರವಾರ ಸಂಜೆಗೇ ಪಾತ್ರೆ ತುಂಬಿಸಿ, ಬಾಯಿ ಬಿಗಿದು, ಸಣ್ಣ ಕಾವಿನಲ್ಲಿ ಬಿಟ್ಟು ಮಲಗುವುದು ರೂಢಿಯಾಯಿತು. ಇಡೀ ರಾತ್ರಿ ಕಾವಿನಲ್ಲಿದ್ದರೂ ಕೆಡದ, ಇದ್ದಷ್ಟೂ ರುಚಿ ಏರುವ ತಿಂಡಿಗಳು ಅವರಲ್ಲಿ ಹೀಗೆ ಬೆಳೆದವು. ಹುಳಿ ಬರಿಸಿದ ಹಿಟ್ಟಿನ ಕುಬಾನೆ ಅಂಥದ್ದು, ಹುಳಿ ಬರಿಸದ ಜಖ್ನೂನ್ ಇನ್ನೊಂದು. 1949–50ರಲ್ಲಿ ಯೆಮನ್‌ನ ಸುಮಾರು 49,000 ಯೆಹೂದಿಗಳನ್ನು ಏಡನ್‌ನಿಂದ ವಿಮಾನಗಳಲ್ಲಿ ಇಸ್ರೇಲಿಗೆ ಕರೆದೊಯ್ದಾಗ ಈ ತಿಂಡಿಯೂ ಅವರ ಜೊತೆ ಹೋಯಿತು. ಈಗ ಅಲ್ಲಿ ಶನಿವಾರ ಬೆಳಿಗ್ಗೆ ಯೆಮನ್ ಮೂಲ ಇರುವವರು, ಇಲ್ಲದವರು ಎಲ್ಲರೂ ತಿನ್ನುತ್ತಾರೆ. ಅಂಗಡಿಯ ಫ್ರೀಜರಿನಲ್ಲೂ ಸಿಗುತ್ತದೆ.

ನಮ್ಮ ಮನೆಯಲ್ಲಿ ಶನಿವಾರಕ್ಕೆ ಇದು ಆಗುವುದಿಲ್ಲ. ಅತ್ತೆಗೆ ಶನಿವಾರ ಒಪ್ಪತ್ತು. ಹಾಗಾಗಿ ನಮ್ಮೂರು ಉಜಿರೆಯ ಸಬ್ಬತ್ ಒಂದು ದಿನ ತಡ: ಶನಿವಾರ ರಾತ್ರಿ ಒಳಗೆ, ಆದಿತ್ಯವಾರ ಬೆಳಿಗ್ಗೆ ಹೊರಗೆ.

ಮೊದಲ ಸಲ ಮಾಡಿದಾಗ ಅತ್ತೆ ಪಾತ್ರೆಯನ್ನೂ ನನ್ನನ್ನೂ ನೋಡಿ, "ಇದರಲ್ಲಿ ಹೊಸತು ಎಂಥದ್ದು? ಕೆಂಡದಡ್ಯೆ ಅಲ್ವಾ?" ಎಂದರು. ಅಕ್ಕಿ, ಬೆಲ್ಲ, ಕಾಯಿತುರಿ, ಸೌತೆ ಸೇರಿಸಿದ ಹಿಟ್ಟನ್ನು ಬಾಳೆಎಲೆ ಹಾಸಿದ ದಪ್ಪ ಪಾತ್ರೆಗೆ ಹೊಯ್ದು, ಅಡಿಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದ ಅಡ್ಯೆ ಅದು. ಹಿಟ್ಟು ಬೇರೆ, ಆದರೆ ಬೇಯಿಸುವ ಬುದ್ಧಿ ಒಂದೇ. ಓವನ್ ಬಾರದ ಕಾಲದಲ್ಲಿ ನಾಲ್ಕೂ ಕಡೆಯಿಂದ ಸಮನಾಗಿ ಕಾವು ಕೊಡುವ ವಿದ್ಯೆ ತುಳುನಾಡಿನ ಅಡುಗೆಮನೆಗೆ ಗೊತ್ತಿತ್ತು. ಜಖ್ನೂನಿಗೆ ಬೇಕಾದ ಇನ್ನೊಂದು ವಿದ್ಯೆ ಹಿಟ್ಟನ್ನು ಬಟ್ಟೆಯ ಹಾಗೆ ಎಳೆಯುವುದು. ಅದೂ ನಮ್ಮೂರಿನಲ್ಲಿ ಉಂಟು. ಧರ್ಮಸ್ಥಳದ ದಾರಿ ಕವಲೊಡೆಯುವ ಪೇಟೆಯಲ್ಲಿ ಸಂಜೆ ಹೊತ್ತು ಯಾವ ಹೋಟೆಲಿನ ಎದುರು ನಿಂತರೂ ಪರೋಟ ಬಡಿಯುವ ಸದ್ದು ಕೇಳುತ್ತದೆ. ಆ ಪರೋಟದ ಕೈಯನ್ನೂ ಕೆಂಡದಡ್ಯೆಯ ಕಾವನ್ನೂ ಕೂಡಿಸಿದರೆ ಅರ್ಧ ಕೆಲಸ ಮುಗಿಯಿತು.

ಯೆಮನ್ ಕೂಡ ನಮಗೆ ದೂರದ್ದಲ್ಲ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಅಲ್ಲಿನ ಏಡನ್ ಬಂದರಿನ ದಾರಿಯಾಗಿ ಬಂದು ಮಂಗಳೂರಿನಲ್ಲಿ ನೆಲೆಸಿದ್ದ. ಟ್ಯುನೀಷಿಯಾ ಕಡೆಯವನು. 1132ರಲ್ಲಿ ಅವನು ಇಲ್ಲಿದ್ದುದಕ್ಕೆ ದಾಖಲೆಯಿದೆ. ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಅದು. 1149ರಲ್ಲಿ ಏಡನ್ನಿಗೆ ಮರಳಿದ. ಏಡನ್ನಿನ ಯೆಹೂದಿ ಮುಖಂಡ ಮದ್ಮುನ್ ಅವನಿಗೆ ಬರೆದ ಪತ್ರಗಳು ಕೈರೋದ ಹಳೆಯ ಸಿನಗಾಗ್ ಒಂದರ ಕಾಗದದ ರಾಶಿಯಲ್ಲಿ ಉಳಿದು ಬಂದಿವೆ. ಇಲ್ಲಿಂದ ಒಳ್ಳೆಮೆಣಸು, ಏಲಕ್ಕಿ, ಅಡಿಕೆ ಹೋಗುತ್ತಿತ್ತು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಬೆನ್ ಯಿಜುವಿನ ವ್ಯವಹಾರ ನೋಡಿಕೊಂಡು ಏಡನ್ನಿಗೆ ಹೋಗಿ ಬರುತ್ತಿದ್ದ ಆಳು ಬೊಮ್ಮನ ಜಾಡು ಹಿಡಿದು ಅಮಿತಾವ್ ಘೋಷ್ 1992ರಲ್ಲಿ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಬರೆದರು. ಆ ಹೆಸರನ್ನು ತುಳುನಾಡಿನದ್ದೆಂದು ಗುರುತಿಸಲು ಅವರಿಗೆ ನೆರವಾದವರು ನಮ್ಮ ಪ್ರೊ. ಬಿ. ಎ. ವಿವೇಕ ರೈ. ಮುಂದೆ 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತನೂ ಮಂಗಳೂರಿನಲ್ಲಿ ಯೆಮನ್ನಿನ ವ್ಯಾಪಾರಿಗಳನ್ನು ಕಂಡ. ಬೆನ್ ಯಿಜು ಮಂಗಳೂರಿನಲ್ಲಿ ಕೂತು ಜಖ್ನೂನ್ ತಿಂದಿದ್ದ ಎಂದು ಕಥೆ ಕಟ್ಟುವ ಆಸೆ ನನಗೂ ಆಗುತ್ತದೆ. ಅದಕ್ಕೆ ಪುರಾವೆ ಇಲ್ಲ, ಬಿಡಿ. ಆದರೆ ಜಖ್ನೂನ್ ಜೊತೆ ನೆಂಚಿಕೊಳ್ಳುವ ಚಟ್ನಿಗೆ ಬೀಳುವ ಏಲಕ್ಕಿ, ಒಳ್ಳೆಮೆಣಸು ಈ ಕರಾವಳಿಯಿಂದ ಹಡಗು ಹತ್ತಿದ ಸರಕೇ.

ಸಾಮಾನು ಹೆಚ್ಚಿಲ್ಲ. ಎಂಟು ಸುರುಳಿಗೆ ಅರ್ಧ ಕಿಲೋ ಮೈದಾ, ಎರಡು ದೊಡ್ಡ ಚಮಚ ಸಕ್ಕರೆ, ಒಂದು ದೊಡ್ಡ ಚಮಚ ಜೇನು, ಒಂದೂವರೆ ಚಿಕ್ಕ ಚಮಚ ಉಪ್ಪು, ಚಿಟಿಕೆ ಬೇಕಿಂಗ್ ಪೌಡರ್, 300 ಮಿಲಿ ನೀರು. ಸವರಲು 100 ರಿಂದ 120 ಗ್ರಾಂ ತುಪ್ಪ ಅಥವಾ ಬೆಣ್ಣೆ. ಜೇನಿನ ಬದಲು ಜೋನಿಬೆಲ್ಲ ಹಾಕಿದರೆ ಬಣ್ಣ ಇನ್ನೂ ಚೆನ್ನಾಗಿ ಬರುತ್ತದೆ, ನಾನು ಹಾಗೇ ಮಾಡುವುದು. ಇಸ್ರೇಲಿನಲ್ಲಿ ಹೆಚ್ಚಿನವರು ಮಾರ್ಗರೀನ್ ಬಳಸುತ್ತಾರೆ. ಮಾಂಸದ ಊಟದ ಜೊತೆ ಹಾಲಿನ ಪದಾರ್ಥ ಸೇರಬಾರದೆಂಬ ನಿಯಮಕ್ಕೆ ಅದು ಅನುಕೂಲ. ಯೆಮನ್ನಿನ ಹಳೆಯ ಪದ್ಧತಿಯಲ್ಲಿ 'ಸಮ್ನೆ' ಎಂಬ ಕಾಯಿಸಿದ ಬೆಣ್ಣೆ. ಅಂದರೆ ನಮ್ಮ ತುಪ್ಪವೇ. ಊರಿನ ದನದ ತುಪ್ಪ ಕೈಯಲ್ಲಿರುವಾಗ ಮಾರ್ಗರೀನಿನ ಹಿಂದೆ ಹೋಗುವ ಕರ್ಮ ಬೇಡ. ಒಂದೇ ಎಚ್ಚರಿಕೆ: ತುಪ್ಪ ನೀರಾಗಿರಬಾರದು, ಹರಳುಗಟ್ಟಿ ಮೆತ್ತಗಿರಬೇಕು. ನೀರಾದ ತುಪ್ಪ ಸವರಿದ ಕೂಡಲೇ ಹರಿದು ಅಂಚಿಗೆ ಹೋಗುತ್ತದೆ, ಪದರದ ನಡುವೆ ನಿಲ್ಲುವುದಿಲ್ಲ. ಬೇಸಿಗೆಯಾದರೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ.

ಗೋಧಿ ಹಿಟ್ಟಿನಲ್ಲಿ ಆಗುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಕಾಲು ಭಾಗ ಸೇರಿಸಬಹುದು. ಅದಕ್ಕಿಂತ ಹೆಚ್ಚಾದರೆ ಎಳೆಯುವಾಗ ತೂತು ಬೀಳುತ್ತದೆ.

ಹಿಟ್ಟನ್ನು ಚಪಾತಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ಸ್ವಲ್ಪ ಅಂಟುವಷ್ಟು ಕಲಸಿ ಹತ್ತು ನಿಮಿಷ ಚೆನ್ನಾಗಿ ನಾದಿ. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ. ಆಮೇಲೆ ಎಂಟು ಉಂಡೆ ಮಾಡಿ, ಪ್ರತಿಯೊಂದಕ್ಕೂ ಎಣ್ಣೆ ಸವರಿ, ಇನ್ನೊಂದು ಗಂಟೆ ಮುಚ್ಚಿಡಿ. ಈ ಎರಡನೆಯ ವಿಶ್ರಾಂತಿಯನ್ನು ತಪ್ಪಿಸಿದವರು ಎಳೆಯುವಾಗ ಅಳುತ್ತಾರೆ. ನಾದಿದಾಗ ಮೈದಾದ ಅಂಟು ಬಿಗಿದುಕೊಂಡಿರುತ್ತದೆ, ಎಳೆದರೆ ರಬ್ಬರಿನ ಹಾಗೆ ಹಿಂದೆ ಬರುತ್ತದೆ. ಸುಮ್ಮನೆ ಬಿಟ್ಟರೆ ಅದು ತಾನಾಗಿ ಸಡಿಲವಾಗುತ್ತದೆ. ಬೆರಳಿನಿಂದ ಉಂಡೆಯನ್ನು ಒತ್ತಿ ನೋಡಿ: ಗುಳಿ ಹಾಗೇ ಉಳಿದರೆ ಹಿಟ್ಟು ತಯಾರು, ಮೇಲೆದ್ದು ಬಂದರೆ ಇನ್ನೂ ಕಾಯಬೇಕು.

ಎಳೆಯುವುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಪೇಟೆಯ ಒಬ್ಬ ಪರೋಟದ ಅಣ್ಣನಿಂದ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಹೋಗಿ ಕೇಳಿದೆ. "ಬೆರಳಲ್ಲಿ ಎಳೀಬೇಡಿ ಅಕ್ಕ, ಉಗುರು ತಾಗ್ತದೆ. ಅಂಗೈ ಅಡಿಗೆ ಹಾಕಿ, ಹಿಟ್ಟೇ ಜಾರ್ಲಿ" ಎಂದು ತೋರಿಸಿದ. ಅವನು ಗಾಳಿಯಲ್ಲಿ ಬೀಸಿ ಎರಡೇ ಏಟಿಗೆ ಮೇಜಿನ ಮೇಲೆ ಹರಡುತ್ತಾನೆ. ನಮಗೆ ಅಷ್ಟು ಸಾಹಸ ಬೇಡ. ಅಡುಗೆಮನೆಯ ಗ್ರಾನೈಟ್ ಕಟ್ಟೆಗೆ ತುಪ್ಪ ಸವರಿ, ಉಂಡೆಯನ್ನು ಮೊದಲು ಅಂಗೈಯಿಂದ ತಟ್ಟಿ ಊಟದ ತಟ್ಟೆಯಷ್ಟು ಅಗಲ ಮಾಡಿ. ಮೇಲಿಗೂ ತುಪ್ಪ ಸವರಿ. ಆಮೇಲೆ ಒಂದು ಅಂಚನ್ನು ಕಟ್ಟೆಗೆ ಅಂಟಿಸಿ, ಎದುರಿನ ಅಂಚಿನಡಿಗೆ ಎರಡೂ ಅಂಗೈ ತೂರಿಸಿ, ನಿಧಾನಕ್ಕೆ ನಿಮ್ಮ ಕಡೆಗೆ ತನ್ನಿ. ಸುತ್ತ ತಿರುಗಿಸುತ್ತ ಇದನ್ನೇ ಮಾಡಿದರೆ ಹಾಳೆ ಒಂದೂವರೆ ಅಡಿ ಅಗಲಕ್ಕೆ ಬರುತ್ತದೆ, ಅಡಿಯ ಗ್ರಾನೈಟಿನ ಚುಕ್ಕೆಗಳು ಕಾಣತೊಡಗುತ್ತವೆ. ಅಲ್ಲಲ್ಲಿ ಹರಿದರೆ ಚಿಂತೆ ಬೇಡ, ಸುರುಳಿಯ ಒಳಗೆ ಎಲ್ಲ ಮುಚ್ಚಿಹೋಗುತ್ತದೆ. ಅಂಚಿನ ದಪ್ಪ ದಾರವನ್ನು ಮಾತ್ರ ಎಳೆದು ತೆಳು ಮಾಡಿ, ಇಲ್ಲದಿದ್ದರೆ ಅದು ಒಳಗೆ ಗಟ್ಟಿಯಾಗಿ ಸಿಗುತ್ತದೆ.

ಇನ್ನು ಮಡಿಸುವುದು. ಎಡ ಬಲದ ಅಂಚುಗಳನ್ನು ನಡುವಿಗೆ ತಂದು, ಪಂಚೆ ಮಡಿಸಿದ ಹಾಗೆ ಮೂರು ಪದರದ ಉದ್ದ ಪಟ್ಟಿ ಮಾಡಿ. ಮೇಲೆ ಮತ್ತೊಮ್ಮೆ ತುಪ್ಪ ಸವರಿ. ಒಂದು ತುದಿಯಿಂದ ಚಾಪೆ ಸುತ್ತುವ ಹಾಗೆ ಸುತ್ತುತ್ತ ಬನ್ನಿ, ಬಿಗಿಯಾಗಿ ಬೇಡ. ಕೈಗೆ ಸಿಗುವುದು ಅರ್ಧ ಗೇಣು ಉದ್ದದ, ಹೆಬ್ಬೆರಳಿಗಿಂತ ದಪ್ಪನೆಯ ಸುರುಳಿ.

ಪಾತ್ರೆಯ ಆಯ್ಕೆಯಲ್ಲಿ ಜಿಪುಣತನ ಮಾಡಬೇಡಿ. 20 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ, ದಪ್ಪ ತಳದ, ಪ್ಲಾಸ್ಟಿಕ್ ಹಿಡಿಯಿಲ್ಲದ ಪಾತ್ರೆ ಬೇಕು. ಯೆಮನ್ ಪದ್ಧತಿಯಲ್ಲಿ ತಳಕ್ಕೆ ಒಣ ಬ್ರೆಡ್ ಚೂರುಗಳನ್ನು ಹಾಸುತ್ತಾರೆ, ಅಡಿ ಸೀಯದಿರಲೆಂದು. ನಾನು ಎರಡು ಪದರ ಬಾಡಿಸಿದ ಬಾಳೆಎಲೆ ಹಾಕಿ, ಅದರ ಮೇಲೆ ಎರಡು ತುಂಡು ಬ್ರೆಡ್ ಇಡುತ್ತೇನೆ. ಬರೇ ಬಾಳೆಎಲೆ ಸಾಲದು, ತುಪ್ಪ ಇಳಿದು ತಳದಲ್ಲಿ ಹುರಿದ ಹಾಗೆ ಆಗುತ್ತದೆ; ಬ್ರೆಡ್ ಅದನ್ನು ಹೀರುತ್ತದೆ. ಬೆಳಿಗ್ಗೆ ಆ ಬ್ರೆಡ್ ತುಂಡಿಗೆ ನಮ್ಮ ಮನೆಯ ಮಕ್ಕಳಲ್ಲಿ ಜಗಳ. ಅರಸಿನ ಎಲೆ ಹಾಕಿ ನೋಡಿದೆ, ಪತ್ತೋಳಿಯ ಪರಿಮಳವೇ ಎಲ್ಲವನ್ನೂ ನುಂಗಿತು, ಮತ್ತೆ ಹಾಕಲಿಲ್ಲ. ನಾಲ್ಕು ಸುರುಳಿ ಒಂದು ದಿಕ್ಕಿಗೆ, ಅವುಗಳ ಮೇಲೆ ನಾಲ್ಕು ಅಡ್ಡಕ್ಕೆ. ಮೊಟ್ಟೆ ತಿನ್ನುವವರು ತೊಳೆದ ಹಸಿ ಮೊಟ್ಟೆಗಳನ್ನು ಚಿಪ್ಪು ಸಹಿತ ಮೇಲೆ ಇಡಬಹುದು. ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದು ಒಡೆಯುತ್ತದೆ, ಒಂದು ಗಂಟೆ ಮೊದಲೇ ಹೊರಗಿಡಿ. ಸಸ್ಯಾಹಾರಿಗಳ ಮನೆಯಲ್ಲಿ ಮೊಟ್ಟೆ ಬಿಟ್ಟರೆ ತಿಂಡಿಗೆ ಏನೂ ಕೊರತೆಯಿಲ್ಲ. ಮೇಲೆ ಇನ್ನೊಂದು ಬಾಳೆಎಲೆ, ಮುಚ್ಚಳ, ಮುಚ್ಚಳದ ಸುತ್ತ ಹಸಿ ಮೈದಾ ಹಿಟ್ಟಿನ ಪಟ್ಟಿ. ಬಿರಿಯಾನಿ ದಮ್‌ಗೆ ಹಾಕುವಂಥದ್ದೇ.

ಈ ಪಟ್ಟಿಯನ್ನು ಉದಾಸೀನ ಮಾಡಿದ್ದಕ್ಕೇ ನನ್ನ ಮೊದಲ ಜಖ್ನೂನ್ ಹಾಳಾದದ್ದು. ಮುಚ್ಚಳ ಕೂತಿದೆ ಎಂದುಕೊಂಡು ಮಲಗಿದೆ. ಹಬೆಯೆಲ್ಲ ಹೊರಗೆ ಹೋಗಿ, ಬೆಳಿಗ್ಗೆ ಸಿಕ್ಕಿದ್ದು ನಾಯಿಗೂ ಜಗಿಯಲಾಗದ ಎಂಟು ಕೋಲು. ಹಿಟ್ಟಿನೊಳಗಿನ ನೀರೇ ಇಡೀ ರಾತ್ರಿಯ ಹಬೆ. ಅದು ಪಾತ್ರೆಯೊಳಗೆ ಉಳಿದರೆ ಮಾತ್ರ ಸುರುಳಿ ಮೆತ್ತಗಿರುತ್ತದೆ. ಬಣ್ಣ ಬರುವುದು ಬೇರೆ ಕಾರಣಕ್ಕೆ: ಹಿಟ್ಟಿನ ಸಕ್ಕರೆ ಅಂಶವೂ ಪ್ರೋಟೀನೂ ಕಾವಿಗೆ ಒಂದಕ್ಕೊಂದು ಸೇರಿ ಕಂದಾಗುತ್ತವೆ. ಬ್ರೆಡ್ಡಿನ ಮೇಲ್ಪದರದಲ್ಲಿ ಜೋರು ಕಾವಿಗೆ ನಿಮಿಷಗಳಲ್ಲಿ ಆಗುವ ಆ ಕ್ರಿಯೆ ಇಲ್ಲಿ ಸಣ್ಣ ಕಾವಿಗೆ ಗಂಟೆಗಟ್ಟಲೆ ನಡೆದು ಸುರುಳಿಯ ಒಳಗಿನ ತನಕ ಇಳಿಯುತ್ತದೆ. ಮೊಟ್ಟೆಯ ಬಿಳಿಭಾಗ ಕೂಡ ಹೀಗೆಯೇ ಚಹಾ ಬಣ್ಣಕ್ಕೆ ಬರುವುದು.

ಈಗ ಕಾವು. ಓಟಿಜಿ ಓವನ್ ಇದ್ದರೆ ಕೆಲಸ ಸುಲಭ. 28–30 ಲೀಟರಿನದ್ದಾದರೆ ಪಾತ್ರೆ ಒಳಗೆ ಹಿಡಿಯುತ್ತದೆ. ಮೇಲೆ ಕೆಳಗೆ ಎರಡೂ ಕಾಯಿಲ್ ಹಾಕಿ, ಮೊದಲ ಅರ್ಧ ಗಂಟೆ 150 ಡಿಗ್ರಿ, ಆಮೇಲೆ 100 ರಿಂದ 110ರ ನಡುವೆ ಹತ್ತು ಗಂಟೆ. ಹೆಚ್ಚಿನ ಓಟಿಜಿಗಳ ಟೈಮರ್ ಒಂದು ಗಂಟೆಗೆ ಟಿಣ್ ಎಂದು ಆರಿಹೋಗುತ್ತದೆ ಎಂಬುದನ್ನು ಮರೆಯಬೇಡಿ. ಟೈಮರಿನ ಗುಬುಟನ್ನು ಹಿಂದಕ್ಕೆ ತಿರುಗಿಸಿ 'ಸ್ಟೇ ಆನ್' ಗುರುತಿಗೆ ಇಡಬೇಕು. ಆ ಗುರುತೇ ಇಲ್ಲದ ಓವನ್ ಈ ಕೆಲಸಕ್ಕೆ ಆಗದು. ಕಡಿಮೆ ಬೆಲೆಯ ಓವನ್ನುಗಳ ಡಿಗ್ರಿಯನ್ನು ನಂಬುವಂತೆಯೂ ಇಲ್ಲ. ಒಮ್ಮೆ ಸ್ಟೀಲ್ ಲೋಟದಲ್ಲಿ ನೀರಿಟ್ಟು 110ರಲ್ಲಿ ಒಂದು ಗಂಟೆ ಬಿಟ್ಟು ನೋಡಿ: ಹಬೆ ಏಳಬೇಕು, ತಳದಲ್ಲಿ ಸಣ್ಣ ಗುಳ್ಳೆ ಕಾಣಬೇಕು, ಕೊತಕೊತ ಕುದಿಯಬಾರದು. ಹಾಗೆಯೇ ಆಟಿ ತಿಂಗಳಲ್ಲಿ ಈ ಪ್ರಯೋಗ ಬೇಡ. ಚಾರ್ಮಾಡಿ ಕಡೆ ಮಳೆ ಗಾಳಿ ಜೋರಾಗಿ ರಾತ್ರಿ ಕರೆಂಟು ಹೋದರೆ, ಬೆಳಿಗ್ಗೆ ಅರೆಬೆಂದ ಹಿಟ್ಟು, ಉಗುರುಬೆಚ್ಚಗೆ ಕೂತ ಮೊಟ್ಟೆ, ಎರಡನ್ನೂ ಎಸೆಯಬೇಕು.

ಬಚ್ಚಲುಮನೆಯಲ್ಲಿ ಹಂಡೆ ಒಲೆ ಇನ್ನೂ ಉರಿಯುವ ಮನೆಗಳು ಬೆಳ್ತಂಗಡಿ ಕಡೆಯ ತೋಟಗಳಲ್ಲಿ ಬೇಕಾದಷ್ಟಿವೆ. ಅಂಥವರಿಗೆ ಓವನ್ ಏಕೆ? ನಮ್ಮ ದೊಡ್ಡಮ್ಮನ ಮನೆಯಲ್ಲಿ ಹೀಗೆ ಮಾಡಿದೆವು: ಸಂಜೆಯ ಬಿಸಿನೀರಾದ ಮೇಲೆ ಕೆಂಡವನ್ನು ಬದಿಗೆ ಎಳೆದು, ಬೂದಿಯ ಮೇಲೆ ಪಾತ್ರೆ ಇಟ್ಟು, ಸುತ್ತ ಉಮಿ ಸುರಿದು, ಅಂಚಿಗೆ ನಾಲ್ಕು ಕೆಂಡ ತಾಗಿಸಿದೆವು. ಉಮಿ ಉರಿಯುವುದಿಲ್ಲ, ಇಡೀ ರಾತ್ರಿ ಒಳಗೊಳಗೇ ಕಾಯುತ್ತದೆ. ಮುಚ್ಚಳದ ಮೇಲೆ ಒಂದು ಹಿಡಿ ಗೆರಟೆ ಕೆಂಡ, ಅದರ ಮೇಲೆ ಬೂದಿ. ಕೆಂಡ ನೇರ ತಳಕ್ಕೆ ಸೋಕಬಾರದು, ನಡುವೆ ಎರಡು ಬೆರಳು ದಪ್ಪ ಬೂದಿ ಇರಲೇಬೇಕು. ದೊಡ್ಡಮ್ಮ ಕೈಯನ್ನು ಪಾತ್ರೆಯ ಹತ್ತಿರ ಹಿಡಿದು, "ಹತ್ತು ಎಣಿಸುವಷ್ಟು ಹೊತ್ತು ಕೈ ನಿಂತರೆ ಸರಿ" ಎಂದರು. ಆ ಲೆಕ್ಕ ಓವನ್ನಿನ ಗುಬುಟಿಗಿಂತ ಸರಿಯಾಗಿತ್ತು. ಆದರೆ ಇದು ಹೊಗೆ ಹೊರಹೋಗುವ ಬಚ್ಚಲ ಒಲೆಯಲ್ಲಿ ಮಾತ್ರ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲೋ ಮಲಗುವ ಕೋಣೆಯ ಪಕ್ಕದಲ್ಲೋ ಕೆಂಡ ಇಟ್ಟು ಮಲಗಿದರೆ, ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಎಚ್ಚರವಾಗುವುದಿಲ್ಲ.

ಗ್ಯಾಸ್ ಮಾತ್ರ ಇರುವವರು ರಾತ್ರಿಯ ಆಸೆ ಬಿಡಬೇಕು. ಗ್ಯಾಸ್ ಹಚ್ಚಿಟ್ಟು ಮಲಗುವುದು ಯಾವ ತಿಂಡಿಗೂ ತಕ್ಕದ್ದಲ್ಲ. ಹಗಲಿನಲ್ಲಿ, ಮನೆಯಲ್ಲಿ ಎದ್ದಿರುವಾಗ, ದಪ್ಪ ಕಬ್ಬಿಣದ ಕಾವಲಿಯ ಮೇಲೆ ಪಾತ್ರೆ ಇಟ್ಟು, ಚಿಕ್ಕ ಬರ್ನರಿನ ಸಿಮ್‌ನಲ್ಲಿ ಐದಾರು ಗಂಟೆ ಬೇಯಿಸಿ. ನಡುವೆ ಒಮ್ಮೆ ತೆರೆದು ಅಡಿಯದ್ದನ್ನು ಮೇಲೆ, ಮೇಲಿನದ್ದನ್ನು ಅಡಿಗೆ ಮಾಡಿ ಮತ್ತೆ ಹಿಟ್ಟು ಮೆತ್ತಿ. ಬಣ್ಣ ಸ್ವಲ್ಪ ಮಾಸಲು. ರುಚಿಗೆ ತೊಂದರೆಯಿಲ್ಲ.

ಜೊತೆಗೆ ಎರಡು ಬೇಕು. ಒಂದು ಟೊಮೆಟೊ: ಹಣ್ಣನ್ನು ಅಡ್ಡಕ್ಕೆ ಕೊಯ್ದು, ಕೊಯ್ದ ಬದಿಯನ್ನು ತುರಿಮಣೆಗೆ ಉಜ್ಜಿದರೆ ರಸವೆಲ್ಲ ಬಟ್ಟಲಿಗೆ ಬಿದ್ದು ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅದಕ್ಕೆ ಉಪ್ಪು, ಅಷ್ಟೆ. ಒಗ್ಗರಣೆ ಹಾಕುವ ಕೈಚಪಲ ಬೇಡ. ಇನ್ನೊಂದು ಸ್ಖುಗ್ ಎಂಬ ಹಸಿರು ಚಟ್ನಿ. ಒಂದು ಕಟ್ಟು ಕೊತ್ತಂಬರಿ ಸೊಪ್ಪು, ಎಂಟು ಹತ್ತು ಹಸಿಮೆಣಸು, ಆರು ಎಸಳು ಬೆಳ್ಳುಳ್ಳಿ, ನಾಲ್ಕು ಏಲಕ್ಕಿಯ ಕಾಳು, ಒಂದು ಚಮಚ ಜೀರಿಗೆ, ಅರ್ಧ ಚಮಚ ಒಳ್ಳೆಮೆಣಸು, ಉಪ್ಪು. ನೀರು ತಾಗಿಸದೆ ತರಿತರಿಯಾಗಿ ಕಡೆದು, ಎರಡು ಚಮಚ ಎಣ್ಣೆ, ಅರ್ಧ ಲಿಂಬೆಯ ರಸ ಸೇರಿಸಿ. ಕಲ್ಲಿನಲ್ಲಿ ಕಡೆದರೆ ಒಳ್ಳೆಯದು. ಮಿಕ್ಸಿ ನುಣ್ಣಗೆ ಮಾಡಿ ಹಸಿರನ್ನು ಕೆಡಿಸುತ್ತದೆ. ತೋಟದ ಬದಿಯ ಗಾಂಧಾರಿ ಮೆಣಸು ಹಾಕುವುದಾದರೆ ನಾಲ್ಕೈದೇ ಸಾಕು. ಚಟ್ನಿಗೆ ಏಲಕ್ಕಿಯೇ ಎಂದು ಮೂಗು ಮುರಿಯಬೇಡಿ. ಪಾಯಸದ ಏಲಕ್ಕಿ ಬೆಳ್ಳುಳ್ಳಿಯ ಪಕ್ಕ ಕೂತಾಗ ಬೇರೆಯೇ ಮುಖ ತೋರಿಸುತ್ತದೆ.

ಬಡಿಸುವುದು ಬಿಸಿಯಾಗಿ, ಮೊಟ್ಟೆ ಸುಲಿದು ಪಕ್ಕಕ್ಕಿಟ್ಟು, ಹಾಲಿಲ್ಲದ ಕಣ್ಣ ಚಾದ ಜೊತೆ. ಸುರುಳಿಯನ್ನು ಕತ್ತರಿಸಬೇಡಿ, ತುದಿ ಹಿಡಿದು ಬಿಚ್ಚಿ, ಪದರ ಪದರವಾಗಿ ಟೊಮೆಟೊದಲ್ಲಿ ಅದ್ದಿ. ಹೊಟ್ಟೆಗೆ ಭಾರ, ಒಬ್ಬರಿಗೆ ಒಂದು ಸಾಕು. ಎರಡು ತಿಂದವರು ಮಧ್ಯಾಹ್ನ ಊಟಕ್ಕೆ ಏಳುವುದಿಲ್ಲ. ಹಸಿ ಸುರುಳಿಗಳನ್ನು ಬಟರ್ ಪೇಪರಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಒಂದು ತಿಂಗಳು ಇಡಬಹುದು, ಬೇಯಿಸುವ ಮೊದಲು ಪೂರ್ತಿ ಕರಗಬೇಕು. ಬೆಂದು ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು, ಮರುದಿನ ಬಿಲ್ಲೆಗಳಾಗಿ ಕೊಯ್ದು ಕಾವಲಿಯ ಮೇಲೆ ಎರಡೂ ಬದಿ ಕೆಂಪಗೆ ಮಾಡಿದರೆ ಸಂಜೆಯ ಚಹಾಕ್ಕಾಯಿತು. ಅತ್ತೆ ಆ ಬಿಲ್ಲೆಗಳಿಗೆ ಟೊಮೆಟೊ, ಚಟ್ನಿ ಎರಡನ್ನೂ ಸೋಕಿಸುವುದಿಲ್ಲ. ಕಾಯಿತುರಿ, ಬೆಲ್ಲ ಕಲಸಿಕೊಂಡು ತಿನ್ನುತ್ತ, "ಅಡ್ಯೆಗೆ ಇದೇ ಸರಿ" ಎನ್ನುತ್ತಾರೆ.